ತಿರುಗುವ ಹೊತ್ತು ಹೇಳಿ ಹೋಗಿ

ಮಕ್ಕಳೇ,

ಕೈಲ್‌ಪೊಳ್ದ್‌ಗೆ ಊರಿಗೆ ಬರುತ್ತೇವೆ, ಹಬ್ಬದ ಮರುದಿನ ಮಾಕುಟ್ಟದ ಕಡೆ ಮಲೆ ಹತ್ತುತ್ತೇವೆ, ಹಳೆಯ ಬೇಟೆದಾರಿ ಯಾವುದು ಹೇಳಿ ತಾತ ಎಂದು ಕೇಳಿದ್ದೀರಿ. ನಿಮ್ಮಲ್ಲೊಬ್ಬ, ಯಾರೆಂದು ಹೇಳುವುದಿಲ್ಲ, ಐನ್‌ಮನೆಯ ಗೋಡೆಯಲ್ಲಿರುವ ಜೋಡುನಳಿಕೆ ಕೋವಿ ಈಗಲೂ ಸಿಡಿಯುತ್ತದೆಯೇ ಎಂದು ಮೆಲ್ಲಗೆ ವಿಚಾರಿಸಿದ್ದಾನೆ. ಸಿಡಿಯುತ್ತದೆ. ಆದರೆ ಕಾಡಿಗೆ ಬರುವುದಿಲ್ಲ. ಆ ಮಾತು ಮೊದಲು ಮುಗಿಸಿಬಿಡುತ್ತೇನೆ. ನನಗೆ ನಿಜವಾಗಿ ಹೇಳಬೇಕಿರುವುದು ಮಳೆಯ ಸಂಗತಿ.

ಕೊಡಗಿನವರ ಕೋವಿಗೆ ಪರವಾನಗಿ ಬೇಡವೆಂಬ ವಿನಾಯಿತಿ 1861ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ ಬಂದದ್ದು. ಬ್ರಿಟಿಷರು ಹೋದ ಮೇಲೂ ಉಳಿಯಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರವರೆಗೆ ಮುಂದುವರಿಸಿದೆ. ಅದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರ ಅರ್ಜಿ 2021ರಲ್ಲಿ ಬಿದ್ದುಹೋಯಿತು. ಆದರೆ ಇದು ಕೋವಿ ಇಟ್ಟುಕೊಳ್ಳುವ ವಿನಾಯಿತಿ, ಬೇಟೆಯಾಡುವ ವಿನಾಯಿತಿ ಅಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಬ್ರಹ್ಮಗಿರಿ ಅಭಯಾರಣ್ಯವಾಯಿತು. ಪರವಾನಗಿ ಪಡೆದು ಬೇಟೆಯಾಡಲು ಕಾಯ್ದೆಯಲ್ಲಿ ಉಳಿದಿದ್ದ ಸಣ್ಣ ಕಂಡಿಯನ್ನೂ 1991ರ ತಿದ್ದುಪಡಿ ಮುಚ್ಚಿತು. ಇವತ್ತು ಅಭಯಾರಣ್ಯದೊಳಗೆ ಬೇಟೆಯಾಡಿದ್ದು ಸಾಬೀತಾದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು. ನಿಮ್ಮ ಜೈಲಿಗಿಂತ ನನಗೆ ಇನ್ನೊಂದು ಚಿಂತೆ. 2029ರಲ್ಲಿ ಈ ವಿನಾಯಿತಿ ಬೇಕೇ ಬೇಡವೇ ಎಂದು ಮತ್ತೆ ಕೂತು ಯೋಚಿಸುವವರ ಮೇಜಿನ ಮೇಲೆ ನಿಮ್ಮ ಹೆಸರಿನ ಒಂದು ಪ್ರಕರಣ ಇರಬಾರದು. ಬೆಂಗಳೂರಿನ ಒಬ್ಬ ಹುಡುಗನ ಶೋಕಿಗೆ ಇಡೀ ನಾಡು ಉತ್ತರ ಕೊಡುವಂತಾಗಬಾರದು. ಕೋವಿಯ ಮಾತು ಇಲ್ಲಿಗೆ ಮುಗಿಯಿತು.

ಕೋವಿ ಬಿಟ್ಟು ಬರಿಗೈಯಲ್ಲೇ ಹೋಗುತ್ತೇವೆ, ನೋಡಿ ಬರುತ್ತೇವೆ ಎಂದರೆ? ಆಗಲೂ ಸೆಪ್ಟೆಂಬರ್ ಮೊದಲ ವಾರ ಬೇಡ ಎಂದೇ ಹೇಳುತ್ತೇನೆ. ಏಕೆ ಎಂಬುದನ್ನು ಸ್ವಲ್ಪ ಉದ್ದಕ್ಕೆ ಹೇಳಬೇಕು.

ಮಾಕುಟ್ಟವನ್ನು ನೀವು ಕಾರಿನ ಕಿಟಕಿಯಿಂದ ನೋಡಿದ್ದೀರಿ. ವಿರಾಜಪೇಟೆ ಬಿಟ್ಟು, ಪೆರುಂಬಾಡಿ ದಾಟಿ, ತಿರುವಿನ ಮೇಲೆ ತಿರುವು ಇಳಿದು, ಕೂಟುಪುಳದ ಸೇತುವೆಯ ಆಚೆ ಕೇರಳ. ಕಣ್ಣೂರಿಗೆ ಹೋಗುವ ದಾರಿ, ನಡುವೆ ಚಹಾ ಕುಡಿಯುವ ಒಂದು ನಿಲುಗಡೆ, ನಿಮಗೆ ಅಷ್ಟೇ. ಕೊಡಗಿನ ಹೆಚ್ಚಿನ ಊರುಗಳು ಮೂರು ಸಾವಿರ ಅಡಿಯ ಆಸುಪಾಸಿನಲ್ಲಿದ್ದರೆ ಮಾಕುಟ್ಟ ಘಟ್ಟದ ಬುಡದಲ್ಲಿದೆ. ಅರಬ್ಬಿ ಸಮುದ್ರದಿಂದ ಬರುವ ಮೋಡಕ್ಕೆ ಮೊದಲು ಸಿಗುವ ಗೋಡೆಯೇ ಅದರ ಬೆನ್ನಿಗಿರುವ ಮಲೆ. ಆ ಗೋಡೆ ಹತ್ತುವಾಗ ಮೋಡ ತಣ್ಣಗಾಗುತ್ತದೆ, ಹೊತ್ತುಕೊಂಡು ಬಂದದ್ದನ್ನೆಲ್ಲ ಅಲ್ಲೇ ಇಳಿಸುತ್ತದೆ. ವಿರಾಜಪೇಟೆ ಗೋಡೆಯ ಇನ್ನೊಂದು ಬದಿ. ಅದಕ್ಕೇ ನಿಮ್ಮ ಫೋನಿನಲ್ಲಿ ‘ವಿರಾಜಪೇಟೆ, ಸಾಧಾರಣ ಮಳೆ’ ಎಂದು ತೋರಿಸುವ ಹೊತ್ತಿಗೆ ಮಾಕುಟ್ಟದ ಬದಿಯ ಕೆರ್ಟಿ ಕಾಡಿನೊಳಗೆ ನಿಂತವನಿಗೆ ಎದುರಿನ ಮರ ಕಾಣದಿರಬಹುದು. ಎರಡೂ ನಿಜವೇ. ಒಂದು ಪೇಟೆಯ ಮಳೆ, ಒಂದು ಮಲೆಯ ಮಳೆ.

ನೀರು ಹರಿಯುವ ದಿಕ್ಕನ್ನೂ ತಿಳಿದುಕೊಳ್ಳಿ. ಕಾವೇರಿಯ ನಾಡು ಎಂದು ನಾವು ಹೇಳಿಕೊಳ್ಳುತ್ತೇವೆ, ಆದರೆ ಈ ಬದಿಯ ನೀರು ಕಾವೇರಿಗೆ ಸೇರುವುದೇ ಇಲ್ಲ. ಬರಪೊಳೆ ಪಶ್ಚಿಮಕ್ಕೆ ಹರಿದು, ವಳಪಟ್ಟಣಂ ಹೊಳೆಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ‘ದಾರಿ ತಪ್ಪಿದರೆ ತೋಡು ಹಿಡಿದು ಕೆಳಗಿಳಿ, ಊರು ಸಿಗುತ್ತದೆ’ ಎಂದು ಯಾರೋ ನಿಮಗೆ ಹೇಳಿರುತ್ತಾರೆ. ಬಯಲಿನಲ್ಲಿ ಆ ಮಾತು ನಡೆದೀತು. ಇಲ್ಲಿನ ತೋಡುಗಳು ಬಂಡೆಯಿಂದ ಬಂಡೆಗೆ ಧುಮುಕುತ್ತಾ ಹೋಗುತ್ತವೆ. ಅವುಗಳನ್ನು ಹಿಡಿದು ಇಳಿದವನಿಗೆ ಸಿಗುವುದು ಊರಲ್ಲ, ಇಳಿಯಲೂ ಆಗದ ಹತ್ತಲೂ ಆಗದ ಒಂದು ಜಾಗ. ದಾರಿ ತಪ್ಪಿದರೆ ನಿಂತಲ್ಲೇ ನಿಲ್ಲಿ, ಇಲ್ಲವೇ ಬಂದ ಏಣಿನ ಮೇಲೆಯೇ ಹಿಂದಕ್ಕೆ ಹತ್ತಿ.

ಈಗ ಹಳೆಯ ಕಥೆಗೆ ಬರುತ್ತೇನೆ. ನೀವು ಕೇಳಿದ ಬೇಟೆದಾರಿಯ ಕಥೆಯೇ.

1972ರ ಕಾಯ್ದೆಗೆ ಮುಂಚೆ, ನಾನು ಕಾಲೇಜು ಮುಗಿಸಿರದ ಕಾಲ. ಆಗ ನಾಟಿ ಮುಗಿದು, ಕೈಲ್‌ಪೊಳ್ದ್‌ನಲ್ಲಿ ಕೋವಿ, ಕತ್ತಿಗಳನ್ನು ತೋಕ್‌ಪೂ ಸಿಕ್ಕಿಸಿ ಪೂಜೆಗಿಟ್ಟು, ಕಡುಬು ಹಂದಿಕರಿ ಉಂಡ ಮೇಲೆ ಗಂಡಸರು ಕಾಡಿಗೆ ಹೊರಡುತ್ತಿದ್ದರು. ಹೊರಡುವ ಮುನ್ನ ಅಯ್ಯಪ್ಪನಿಗೆ ಮಣ್ಣಿನ ನಾಯಿಯ ಹರಕೆ ಹೇಳಿಕೊಳ್ಳುತ್ತಿದ್ದರು. ದೇವರಕಾಡಿನೊಳಗೆ ಈಡು ಹಾರಿಸುವಂತಿರಲಿಲ್ಲ. ಅಟ್ಟಿಸಿಕೊಂಡು ಬಂದ ಪ್ರಾಣಿ ದೇವರಕಾಡು ಹೊಕ್ಕರೆ ಅದು ಗೆದ್ದಿತು ಎಂದೇ ಲೆಕ್ಕ, ನಾಯಿಗಳನ್ನು ಹಿಂದಕ್ಕೆ ಕರೆಯುತ್ತಿದ್ದರು. ಗುಂಪಿಗೆ ಒಬ್ಬ ಹಿರಿಯ. ನಮ್ಮ ಒಕ್ಕದಲ್ಲಿ ಪಟ್ಟೆದಾರರಾಗಿದ್ದ ನನ್ನ ದೊಡ್ಡಪ್ಪ. ಯಾರು ಎಲ್ಲಿ ಕೋವಿ ಹಿಡಿದು ಕೂರಬೇಕು, ಯಾರು ಕಾಡು ನುಗ್ಗಿ ಎಬ್ಬಿಸಬೇಕು, ಎಲ್ಲ ಅವರ ಬಾಯಿಂದ ಬರಬೇಕು. ಬೆಳಿಗ್ಗೆ ಅಂಗಳ ದಾಟುವಾಗ ದೊಡ್ಡಮ್ಮನಿಗೆ ಅವರು ಹೇಳುತ್ತಿದ್ದದ್ದು ಒಂದೇ ಮಾತು: ಇಷ್ಟು ಹೊತ್ತಿಗೆ ತಿರುಗುತ್ತೇವೆ. ಏನು ತರುತ್ತೇವೆ ಎಂದು ಒಮ್ಮೆಯೂ ಹೇಳಿದ್ದು ನೆನಪಿಲ್ಲ.

ಆ ವರ್ಷ ಹಬ್ಬದ ದಿನ ಒಳ್ಳೆಯ ಬಿಸಿಲು. ಹುಬ್ಬಾ ಮಳೆಯ ಕಾಲದಲ್ಲಿ ಹೀಗೆ ನಡುನಡುವೆ ಎರಡು ದಿನ ಹೊಳವು ಬರುವುದುಂಟು. ಕಕ್ಕಡ ತಿಂಗಳಿಡೀ ಒಲೆಯ ಮುಂದೆ ಕೂತು ಬೇಸತ್ತ ನಮಗೆ ಕಾಲು ನಿಲ್ಲಲಿಲ್ಲ. ಪೆರುಂಬಾಡಿಯಿಂದ ನಡೆದೇ ಕಾಡು ಹೊಕ್ಕೆವು. ಕಟ್ಟಿಕೊಂಡದ್ದು ಪುಟ್ಟು, ಹುರಿದ ಮಾಂಸ, ಜಿಗಣೆಗೆ ಸುಣ್ಣ ಹೊಗೆಸೊಪ್ಪು. ಹೆಗಲಿಗೆ ಕಂಬಳಿ, ಕೆಲವರ ತಲೆಗೆ ಗೊರಬು. ದಾರಿ ತೋರಿಸಲು ನಮ್ಮ ತೋಟದಲ್ಲಿದ್ದ ಪಣಿಯರವರ ಹಿರಿಯನೊಬ್ಬ. ಆ ಕಾಡನ್ನು ಅವನಷ್ಟು ಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಬೇಟೆಯ ಕಥೆ ಹೇಳುವಾಗ ನಮ್ಮವರು ಕೋವಿ ಹಿಡಿದವರ ಹೆಸರು ಹೇಳುತ್ತಾರೆ, ದಾರಿ ತೋರಿಸಿದವರನ್ನು ಮರೆಯುತ್ತಾರೆ. ಇದು ನಮ್ಮ ಜನರ ಒಂದು ಕೆಟ್ಟ ಗುಣ, ಹೇಳದೆ ಬಿಡಲಾರೆ.

ಒಂದು ತೋಡು ದಾಟಿದೆವು. ಪಾದ ಮುಳುಗುವಷ್ಟು ನೀರು, ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಿದ್ದು. ಹೊತ್ತು ನೆತ್ತಿಗೆ ಬರುವ ಮುನ್ನ ನಾಯಿಗಳು ಒಂದು ಒಂಟಿ ಹಂದಿಯನ್ನು ಎಬ್ಬಿಸಿದವು. ನನ್ನ ಚಿಕ್ಕಪ್ಪ ಒಬ್ಬರ ಈಡು ತಗುಲಿತು, ಆದರೆ ಬೀಳಿಸಲಿಲ್ಲ. ಎರಡನೆಯ ತೋಟಾ ನಳಿಕೆಯೊಳಗೆ ಇಳಿಯಲೇ ಇಲ್ಲ. ಆಗಿನ ತೋಟಾಗಳ ಹೊರಕವಚ ಕಾಗದದ್ದು, ಮಳೆಗಾಲದ ತೇವಕ್ಕೆ ಊದಿಕೊಳ್ಳುತ್ತಿತ್ತು. ಹಂದಿ ರಕ್ತ ಚೆಲ್ಲುತ್ತಾ ಮೇಲಿನ ಕಣಿವೆಯತ್ತ ಹೋಯಿತು. ಗಾಯಗೊಂಡ ಪ್ರಾಣಿಯನ್ನು ಹಾಗೇ ಬಿಟ್ಟು ಬರಬಾರದು. ಅದು ನಮ್ಮ ಬೇಟೆಯ ಮೊದಲ ಕಟ್ಟಳೆ, ಮುಗಿಸಿಯೇ ಬರಬೇಕು. ಎಲ್ಲರೂ ರಕ್ತದ ಜಾಡು ಹಿಡಿದು ನಡೆದೆವು.

ಆಗ ಮಂಜು ಇಳಿಯಿತು. ನಿಮಗೆ ಮಂಜು ಎಂದರೆ ಫೋಟೋ. ಕೋವಿ ಹಿಡಿದವರ ನಡುವೆ ಮಂಜು ಇಳಿದರೆ ಏನಾಗುತ್ತದೆ ಗೊತ್ತೇ? ಹತ್ತು ಮಾರು ಆಚೆ ಪೊದೆ ಅಲುಗಾಡಿದರೆ ಅದು ಹಂದಿಯೋ, ನಾಯಿಯೋ, ನಿನ್ನ ಅಣ್ಣನೋ ತಿಳಿಯುವುದಿಲ್ಲ. ಹಂದಿಯೆಂದು ಮನುಷ್ಯನಿಗೆ ಗುಂಡಿಟ್ಟ ಸುದ್ದಿ ಈ ಜಿಲ್ಲೆಯ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ದೊಡ್ಡಪ್ಪ ಮೊದಲು ಮಾಡಿದ ಕೆಲಸ, ಎಲ್ಲರ ಕೋವಿಯಿಂದ ತೋಟಾ ತೆಗೆಸಿದ್ದು. ಅವತ್ತಿನ ಬೇಟೆ ನಿಜವಾಗಿ ಅಲ್ಲಿಗೇ ಮುಗಿದಿತ್ತು, ನಾವು ಹುಡುಗರು ಒಪ್ಪಿಕೊಂಡಿರಲಿಲ್ಲ ಅಷ್ಟೆ.

ಮಳೆ ಶುರುವಾದದ್ದು ಆಮೇಲೆ, ಅದೂ ಜಿಟಿಜಿಟಿ. ಹೆದರುವಂಥದ್ದಲ್ಲ. ಜಾಡು ಇನ್ನೊಂದು ತೋಡಿನ ದಂಡೆಗೆ ಬಂತು. ಪಣಿಯರವರ ಹಿರಿಯ ಬಗ್ಗಿ ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿದ. ನೀರು ಇನ್ನೂ ಹೆಚ್ಚಿರಲಿಲ್ಲ, ಬಣ್ಣ ಮಾತ್ರ ತುಸು ತಿರುಗಿತ್ತು, ಮೇಲೆ ಒಣಗಿದ ಎಲೆ ಕಡ್ಡಿ ತೇಲಿ ಬರುತ್ತಿದ್ದವು. “ಮೇಲೆ ಕಾಡು ತೊಳೀತಾ ಉಂಟು ಅಯ್ಯಾ” ಎಂದ. ನಮ್ಮ ತಲೆಯ ಮೇಲಿನ ಮಳೆ ಅಲ್ಲ ಲೆಕ್ಕಕ್ಕೆ ಬರುವುದು, ಬೆಟ್ಟದ ನೆತ್ತಿಯ ಮಳೆ. ಅದು ನಮಗೆ ಕಾಣುವುದಿಲ್ಲ, ಅರ್ಧ ಮುಕ್ಕಾಲು ಗಂಟೆ ತಡವಾಗಿ ತೋಡಿನಲ್ಲಿ ಬರುತ್ತದೆ. ದೊಡ್ಡಪ್ಪ ಒಂದು ಕ್ಷಣ ನಿಂತರು. “ಸಾಕು, ತಿರುಗಿ” ಎಂದರು.

ಚಿಕ್ಕಪ್ಪ ಕೆರಳಿದರು. ಗಾಯದ ಪ್ರಾಣಿ, ರಕ್ತ ಇನ್ನೂ ಬಿಸಿ ಇದೆ, ಆಚೆ ದಡದಲ್ಲೇ ಬಿದ್ದಿರುತ್ತದೆ, ಬಿಟ್ಟು ಹೋದರೆ ನಾಳೆ ಯಾರ ಮುಖ ನೋಡಲಿ ಎಂದರು. ಮಾತಿನಲ್ಲಿ ತಪ್ಪಿರಲಿಲ್ಲ. ದೊಡ್ಡಪ್ಪ ವಾದಕ್ಕೆ ನಿಲ್ಲಲಿಲ್ಲ, ಹಿಂದಕ್ಕೆ ನಡೆಯತೊಡಗಿದರು. ಅವರು ನಡೆದ ಮೇಲೆ ಉಳಿದವರು ನಿಲ್ಲುವಂತಿರಲಿಲ್ಲ. ಅದು ಕಟ್ಟಳೆ.

ಇಷ್ಟು ಬೇಗ ತಿರುಗಿದರೂ ಮೊದಲು ದಾಟಿದ ತೋಡಿಗೆ ನಾವು ಬರುವಷ್ಟರಲ್ಲಿ ಅದು ತೋಡಾಗಿ ಉಳಿದಿರಲಿಲ್ಲ. ಬೆಳಿಗ್ಗೆ ಹಾರಿದ ಕಲ್ಲುಗಳಲ್ಲಿ ಒಂದೂ ಕಾಣಲಿಲ್ಲ. ಕೆಂಪು ನೀರು, ಅದರ ಅಡಿಯಲ್ಲಿ ಬಂಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಸದ್ದು. ಸೊಂಟದವರೆಗೆ ಬಂದೀತು, ಬಳ್ಳಿ ಹಿಡಿದು ದಾಟೋಣ ಎಂದು ಒಬ್ಬಿಬ್ಬರು ಅಂದರು. ಒಂದು ಮಾತು ಕೇಳಿ: ರಭಸದ ನೀರಿನಲ್ಲಿ ಸೊಂಟದವರೆಗೆ ಬರಬೇಕಾಗಿಯೇ ಇಲ್ಲ. ಮೊಣಕಾಲು ಮುಟ್ಟಿದರೆ ಸಾಕು, ಗಟ್ಟಿ ಆಳನ್ನೂ ಕೆಡವುತ್ತದೆ. ಬಿದ್ದವನ ಕಾಲು ಎರಡು ಬಂಡೆಗಳ ನಡುವೆ ಸಿಕ್ಕಿದರೆ ಅಷ್ಟೇ ಆಳದಲ್ಲಿ ಮುಳುಗುತ್ತಾನೆ. ದಾಟಲಿಲ್ಲ. ಒದ್ದೆ ಬಟ್ಟೆಯಲ್ಲಿ ಏಣಿನ ಮೇಲೆ ಹತ್ತಿ, ಗಾಳಿಗೆ ಬೆನ್ನು ಮಾಡಿದ ಒಂದು ಬಂಡೆಯ ಚಾಚಿನ ಕೆಳಗೆ ರಾತ್ರಿ ಕೂತೆವು. ಕಣಿವೆಯಲ್ಲಿ ಇನ್ನೂ ಒಳ್ಳೆಯ ಜಾಗಗಳಿದ್ದವು, ಮರದ ಬುಡದಲ್ಲಿ ಮಳೆಯೂ ಕಡಿಮೆ ಬೀಳುತ್ತಿತ್ತು. ಅಲ್ಲಿ ಕೂರಲು ಹಿರಿಯರು ಬಿಡಲಿಲ್ಲ. ನೀರು ಇಳಿಯುವ ದಾರಿಯಲ್ಲೂ ಬರೆಯ ಬುಡದಲ್ಲೂ ಮಳೆಯ ರಾತ್ರಿ ಮಲಗಬಾರದು.

ಬೆಂಕಿ ಹತ್ತಿದ್ದು ಪಣಿಯರವರ ಹಿರಿಯನ ಸೊಂಟದ ಚೀಲದಲ್ಲಿದ್ದ ಧೂಪದ ಮರದ ಅಂಟಿನಿಂದ. ಒದ್ದೆ ಕಡ್ಡಿಯ ನಡುವೆಯೂ ಅದು ಉರಿಯುತ್ತದೆ. ನಮ್ಮ ಬಳಿ ಇದ್ದ ಬೆಂಕಿಪೊಟ್ಟಣಗಳೆಲ್ಲ ಹಿಟ್ಟಿನ ಹಾಗಾಗಿದ್ದವು.

ರಾತ್ರಿ ಎಷ್ಟು ಹೊತ್ತಾಗಿತ್ತೋ, ಚಿಕ್ಕಪ್ಪನ ಮಗ, ನನ್ನ ಓರಗೆಯವನು, ನಡುಗುತ್ತಿದ್ದವನು ನಡುಗುವುದನ್ನು ನಿಲ್ಲಿಸಿದ. ಸದ್ಯ, ಬೆಚ್ಚಗಾದನಲ್ಲ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತೊದಲು ತೊದಲಾಗಿ ಏನೇನೋ ಮಾತಾಡತೊಡಗಿದ. ಆಮೇಲೆ ಸೆಖೆ ಎಂದು ಅಂಗಿ ಬಿಚ್ಚಲು ಹೋದ. ದೊಡ್ಡಪ್ಪ ಹಾರಿ ಬಂದು ಅವನ ಒದ್ದೆ ಬಟ್ಟೆ ಕಳಚಿಸಿ, ಇದ್ದುದರಲ್ಲಿ ಒಣಗಿದ್ದ ಕಂಬಳಿ ಸುತ್ತಿ, ಎರಡು ಬದಿಗೆ ಇಬ್ಬರನ್ನು ಅಂಟಿಸಿ ಕೂರಿಸಿದರು, ಒಂದು ಬದಿಗೆ ನನ್ನನ್ನು. ಯಾರೋ ಬ್ರಾಂದಿ ಬಾಟಲಿ ಚಾಚಿದರು. ಅದನ್ನು ಕಿತ್ತುಕೊಂಡು “ಇದು ಕುಡಿದವನು ಬೆಚ್ಚಗೇ ಸಾಯ್ತಾನೆ” ಎಂದು ದೂರ ಇಟ್ಟರು. ಅವರು ಶಾಲೆಯಲ್ಲಿ ಎಷ್ಟು ಓದಿದ್ದರೋ, ಆದರೆ ಹೇಳಿದ್ದು ಸರಿ. ಚಳಿಗೆ ದೇಹ ಚರ್ಮದ ರಕ್ತನಾಳಗಳನ್ನು ಬಿಗಿಹಿಡಿದು ಒಳಗಿನ ಕಾವನ್ನು ಕಾಪಾಡುತ್ತಿರುತ್ತದೆ. ಮದ್ಯ ಆ ನಾಳಗಳನ್ನು ಸಡಿಲಿಸುತ್ತದೆ. ಚರ್ಮಕ್ಕೆ ಬೆಚ್ಚಗೆನಿಸುತ್ತದೆ, ಒಳಗಿನ ಕಾವು ಹೊರಗೆ ಸೋರಿಹೋಗುತ್ತದೆ. ಒಳಗಿನ ಕಾವು 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಅದಕ್ಕೆ ಹಿಮ ಬೀಳಬೇಕಾಗಿಲ್ಲ. ಕೊಡಗಿನ ಸಾಧಾರಣ ಮಳೆಗಾಲದ ರಾತ್ರಿ, ಒದ್ದೆ ಹತ್ತಿಬಟ್ಟೆ, ಬೀಸುವ ಗಾಳಿ, ಖಾಲಿ ಹೊಟ್ಟೆ, ಇಷ್ಟು ಸಾಕು. ನಡುಗುವವನ ಬಗ್ಗೆ ಅಷ್ಟು ಚಿಂತೆ ಬೇಡ, ಅವನ ದೇಹ ಇನ್ನೂ ಹೋರಾಡುತ್ತಿದೆ. ಒದ್ದೆಯಾಗಿದ್ದೂ ನಡುಗುವುದನ್ನು ನಿಲ್ಲಿಸಿದವನನ್ನು ನೋಡಿಕೊಳ್ಳಿ. ಬೆಳಗಿನ ಜಾವಕ್ಕೆ ಅವನು ಮತ್ತೆ ನಡುಗತೊಡಗಿದ. ನಡುಕವನ್ನು ನೋಡಿ ಸಂತೋಷಪಟ್ಟದ್ದು ಅದೊಂದೇ ಸಲ.

ಮರುದಿನ ಮಧ್ಯಾಹ್ನದ ತನಕ ಕಾದು, ನೀರು ಇಳಿದ ಮೇಲೆ, ಬಿದಿರು ಊರಿಕೊಂಡು ಒಬ್ಬೊಬ್ಬರಾಗಿ ದಾಟಿದೆವು. ರಸ್ತೆಗೆ ಬಂದರೆ ಅಕ್ಕಪಕ್ಕದ ಮನೆಗಳ ಗಂಡಸರು ದೊಂದಿ ಹಚ್ಚಿಕೊಂಡು ಇಡೀ ರಾತ್ರಿ ಅಲ್ಲೇ ಕಾದಿದ್ದರು. ದೀಪ ಹಚ್ಚುವ ಹೊತ್ತಿಗೆ ನಾವು ಬರಲಿಲ್ಲವೆಂದು ದೊಡ್ಡಮ್ಮ ಹೇಳಿಕಳಿಸಿದ್ದರು. ಅವರೂ ರಾತ್ರಿ ಕಾಡು ಹೊಕ್ಕಿರಲಿಲ್ಲ. ಹುಡುಕಲು ಹೋದವರನ್ನು ಹುಡುಕಲು ಮತ್ತೆ ಜನ ಬೇಕಾಗಬಾರದು ಎಂಬ ವಿವೇಕ ಅವರಿಗಿತ್ತು.

ಆ ಹಂದಿ ಸಿಗಲಿಲ್ಲ. ಮಳೆ ಜಾಡನ್ನು ತೊಳೆದುಹಾಕಿತ್ತು. ಗಾಯದಲ್ಲಿ ಎಷ್ಟು ದಿನ ನರಳಿತೋ. ಚಿಕ್ಕಪ್ಪ ಬಹಳ ಕಾಲ ದೊಡ್ಡಪ್ಪನ ಜೊತೆ ಸರಿಯಾಗಿ ಮಾತಾಡಲಿಲ್ಲ. ತಮ್ಮ ಮಗನೇ ಆ ರಾತ್ರಿ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರೂ ಅವರ ಮುನಿಸು ಇಳಿಯಲಿಲ್ಲ. ಹಬ್ಬ ಹರಿದಿನಕ್ಕೆ ಐನ್‌ಮನೆಯಲ್ಲಿ ಸೇರಿದಾಗಲೆಲ್ಲ ಈ ಚರ್ಚೆ ಏಳುತ್ತಿತ್ತು. ತಿರುಗಿದ್ದು ಸರಿಯೇ, ಗಾಯದ ಪ್ರಾಣಿಯನ್ನು ಬಿಟ್ಟದ್ದು ತಪ್ಪಲ್ಲವೇ, ಇನ್ನರ್ಧ ಗಂಟೆ ನೋಡಬಹುದಿತ್ತಲ್ಲವೇ? ದೊಡ್ಡಪ್ಪ ಒಮ್ಮೆಯೂ ಉತ್ತರ ಕೊಡಲಿಲ್ಲ. ನನ್ನ ಲೆಕ್ಕದಲ್ಲಿ ಅವರು ಮಾಡಿದ್ದು ಸರಿ. ಆದರೆ ಸರಿಯಾದದ್ದನ್ನು ಮಾಡಿದವರಿಗೆ ಮರ್ಯಾದೆ ಸಿಗುತ್ತದೆ ಎಂದು ನಿಮಗೆ ಸುಳ್ಳು ಹೇಳಲಾರೆ. ಸಮಯಕ್ಕೆ ಸರಿಯಾಗಿ ತಿರುಗಿ ಬಂದವನ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಆಗಬಹುದಾಗಿದ್ದ ಅನಾಹುತ ಆಗಲಿಲ್ಲ, ಆಗದ್ದನ್ನು ಯಾರಿಗೆ ತೋರಿಸುವುದು? ಅದಕ್ಕೇ ಹುಡುಗರಿಗೆ ತಿರುಗುವುದು ಕಷ್ಟ. ಅದು ಹೇಡಿತನದಂತೆ ಕಾಣುತ್ತದೆ, ಜೊತೆಯವರು ನಗುತ್ತಾರೆ.

ಇದು ನಮ್ಮ ಕಾಡಿನವರ ಹಳೆಯ ಪದ್ಧತಿ ಮಾತ್ರ ಎಂದುಕೊಳ್ಳಬೇಡಿ. ಎವರೆಸ್ಟ್ ಹತ್ತುವವರೂ ಇಷ್ಟು ಗಂಟೆಗೆ ಎಲ್ಲಿದ್ದರೂ ತಿರುಗಬೇಕು ಎಂದು ಮೊದಲೇ ನಿಗದಿ ಮಾಡಿಕೊಳ್ಳುತ್ತಾರೆ. 1996ರ ಮೇ 10ರಂದು ಹಲವರು ಆ ಹೊತ್ತು ಮೀರಿಯೂ ಮೇಲಕ್ಕೇ ಹೋದರು, ಶಿಖರ ಕಣ್ಣೆದುರಿಗೇ ಇತ್ತು. ಸಂಜೆ ಬಿರುಗಾಳಿ ಬಂತು, ಎಂಟು ಮಂದಿ ಸತ್ತರು. ಅವರಲ್ಲಿ ಪಳಗಿದ ಮಾರ್ಗದರ್ಶಿಗಳೂ ಇದ್ದರು. ಕಣ್ಣೆದುರಿಗಿನ ಶಿಖರ, ಆಚೆ ದಡದ ಹಂದಿ, ಎರಡೂ ಮನುಷ್ಯನ ತಲೆಯೊಳಗೆ ಮಾಡುವ ಕೆಲಸ ಒಂದೇ. ಅದಕ್ಕೇ ತಿರುಗುವ ಹೊತ್ತನ್ನು ಮನೆಯಲ್ಲಿ, ತಣ್ಣನೆಯ ತಲೆಯಲ್ಲಿ ನಿಶ್ಚಯಿಸಬೇಕು. ಮಲೆಯ ಮೇಲೆ ನಿಂತು ನಿಶ್ಚಯಿಸುತ್ತೇನೆ ಎಂದವನು ನಿಶ್ಚಯಿಸುವುದಿಲ್ಲ.

ನಿಮ್ಮ ಗುಂಪನ್ನು ನಾನು ನೋಡಿದ್ದೇನೆ. ಒಳ್ಳೆಯ ಬೂಟು, ಒಳ್ಳೆಯ ಜೀಪು, ಫೋನಿನಲ್ಲಿ ನಕ್ಷೆ. ಇಲ್ಲದ್ದು ಒಬ್ಬ ಹಿರಿಯ. ಏನು ಮಾಡುವುದಿದ್ದರೂ ವೋಟು ಹಾಕುತ್ತೀರಿ, ನಾಲ್ವರು ಹೋಗೋಣ ಎಂದರೆ ಬೇಡ ಎಂದವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಮಲೆಯಲ್ಲಿ ಅದು ತಿರುಗುಮುರುಗಾಗಬೇಕು. ಬೇಡ ಎನ್ನಲು ಒಬ್ಬ ಸಾಕು, ಕಾರಣವನ್ನೂ ಹೇಳಬೇಕಾಗಿಲ್ಲ. ನಿಧಾನವಾಗಿ ನಡೆಯುವವನನ್ನು ಮುಂದೆ ಬಿಡಿ. ಪೆರುಂಬಾಡಿ ಇಳಿದ ಮೇಲೆ ಸಿಗ್ನಲ್ ನೆಚ್ಚುವಂತಿಲ್ಲ, ಆದ್ದರಿಂದ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಮನೆಯಲ್ಲಿ ಒಬ್ಬರಿಗೆ ಕಾಗದದ ಮೇಲೆ ಬರೆದುಕೊಟ್ಟು ಹೋಗಿ. ನೀವು ಬರದಿದ್ದರೆ ಮಳೆಯಲ್ಲಿ ನಿಮ್ಮನ್ನು ಹುಡುಕಬೇಕಾದವರು ದಿನಗೂಲಿಯ ಅರಣ್ಯ ವಾಚರ್‌ಗಳು. ಅವರಿಗೂ ಮನೆಯಿದೆ, ಆನೆಯ ಕಾಡಿನಲ್ಲಿ ರಾತ್ರಿ ಟಾರ್ಚು ಹಿಡಿದು ನಡೆಯಬೇಕಾದವರು ಅವರು.

ಈಗಿನ ಮಳೆಯ ಬಗ್ಗೆ ಒಂದಿಷ್ಟು. ನಮ್ಮ ತೋಟಗಳಲ್ಲಿ ಮಳೆಯನ್ನು ಇಂಚು ಸೆಂಟಿನಲ್ಲಿ ಅಳೆದು ಡೈರಿಯಲ್ಲಿ ಬರೆದಿಡುವುದು ನಿಮಗೆ ಗೊತ್ತು, ಬೆಳಿಗ್ಗೆ ಎದ್ದ ಕೂಡಲೇ ‘ನಿಮ್ಮಲ್ಲಿ ಎಷ್ಟು?’ ಎಂದು ಒಬ್ಬರಿಗೊಬ್ಬರು ಫೋನ್ ಮಾಡುವುದೂ ಗೊತ್ತು. ಹವಾಮಾನ ಇಲಾಖೆಯದು ಮಿಲಿಮೀಟರ್ ಲೆಕ್ಕ. ನಮ್ಮ ಭಾಷೆಗೆ ತಿರುಗಿಸಿದರೆ, 24 ಗಂಟೆಯಲ್ಲಿ ಎರಡೂವರೆ ಇಂಚು ದಾಟಿದರೆ ಭಾರಿ ಮಳೆ, ನಾಲ್ಕೂವರೆ ದಾಟಿದರೆ ಅತಿ ಭಾರಿ, 8 ಇಂಚು ದಾಟಿದರೆ ಅದಕ್ಕೂ ಮೇಲಿನದು. ಆದರೆ ಒಂದು ದಿನದ ಅಂಕಿಯನ್ನು ಮಾತ್ರ ನೋಡಬೇಡಿ, ಹಿಂದಿನ ದಿನಗಳ ಡೈರಿಯನ್ನೂ ತಿರುಗಿಸಿ. ಜೂನ್‌ನಿಂದ ನೀರು ಕುಡಿದ ಬೆಟ್ಟ ನೆನೆದ ಅಕ್ಕಿಮೂಟೆಯ ಹಾಗೆ, ಹೊಲಿಗೆ ಬಿಡಲು ಇನ್ನೊಂದು ಹಿಡಿ ಸಾಕು. ಕೈಲ್‌ಪೊಳ್ದ್ ಬರುವುದು ಸರಿಯಾಗಿ ಆ ಹೊತ್ತಿಗೆ. ಮೇಲೆ ಬಿಸಿಲು, ನೆಲದೊಳಗೆ ಮೂರು ತಿಂಗಳ ನೀರು.

2018ರ ಜೂನ್‌ನಲ್ಲಿ, ಮಳೆಗಾಲ ಆಗಷ್ಟೇ ಶುರುವಾದ ಹೊತ್ತಿಗೇ, ಮಾಕುಟ್ಟ ಘಾಟಿಯಲ್ಲಿ ಹಲವೆಡೆ ಬರೆ ಜರಿದು, ಮರಗಳು ಅಡ್ಡಬಿದ್ದು, ಕಣ್ಣೂರಿನ ಸಂಚಾರ ವಾರಗಟ್ಟಲೆ ನಿಂತಿತು. ಅದೇ ವರ್ಷ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಯ ಕಡೆ ಬೆಟ್ಟ ಕುಸಿದು ಆದದ್ದು ನೀವೇ ಟಿವಿಯಲ್ಲಿ ನೋಡಿದ್ದೀರಿ. 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿ. ತಲತಲಾಂತರದಿಂದ ಅಲ್ಲೇ ಬಾಳಿದ ಜನರ ಮನೆಗಳೇ ಉಳಿಯಲಿಲ್ಲ. ಅವರಿಗೆ ಬೆಟ್ಟ ಗೊತ್ತಿರಲಿಲ್ಲವೇ? ಮಳೆಗಾಲದಲ್ಲಿ ಬೆಟ್ಟದ ಬುಡದಲ್ಲಿದ್ದಾಗ ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಮಳೆ ಸುರಿಯುತ್ತಿದ್ದರೂ ಇದ್ದಕ್ಕಿದ್ದಂತೆ ಕಡಿಮೆಯಾದರೆ, ನಿನ್ನೆ ಇಲ್ಲದ ಕಡೆ ಇವತ್ತು ನೆಲದಿಂದ ನೀರು ಉಕ್ಕಿದರೆ, ನೆಲ ಬಿರುಕು ಬಿಟ್ಟರೆ, ಏನು ಎತ್ತ ಎಂದು ನೋಡುತ್ತಾ ನಿಲ್ಲಬೇಡಿ. ನೀರು ಕಡಿಮೆಯಾದದ್ದು ಮಳೆ ನಿಂತದ್ದರಿಂದಲ್ಲ, ಮೇಲೆಲ್ಲೋ ಮಣ್ಣು ಮರ ಬಿದ್ದು ಕಟ್ಟೆ ಕಟ್ಟಿರಬಹುದು. ಅದು ಒಡೆಯುತ್ತದೆ. ನೀರಿನ ದಾರಿ ಬಿಟ್ಟು ಅಡ್ಡಕ್ಕೆ, ಗಟ್ಟಿ ಏಣಿನ ಕಡೆಗೆ ಓಡಿ. ಬ್ಯಾಗು, ಜೀಪು ಅಲ್ಲೇ ಇರಲಿ.

ಇಷ್ಟು ಓದಿ, ತಾತನಿಗೆ ವಯಸ್ಸಾಯಿತು, ಹೆದರಿಕೆ ಶುರುವಾಗಿದೆ ಎಂದುಕೊಂಡರೆ ಬೇಸರವಿಲ್ಲ. ಹೆದರಿಕೆ ಇರುವುದು ನಿಜ. ಆ ಬೇಟೆಗಳನ್ನು ನೆನೆದು ನಾನು ಮರುಗುವವನೂ ಅಲ್ಲ. ಬೇಟೆ ನಿಂತದ್ದು ಒಳ್ಳೆಯದೇ ಆಯಿತು, ನಮ್ಮ ಕಾಲದಲ್ಲೇ ಕಾಡು ಬರಿದಾಗುತ್ತಾ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಂತದ್ದರ ಜೊತೆಗೆ ಹೋದ ಒಂದೇ ವಿಷಯಕ್ಕೆ ನನಗೆ ಮರುಕ. ಅಂಗಳದಲ್ಲಿ ನಿಂತು ತಿರುಗುವ ಹೊತ್ತು ಹೇಳುವ ಹಿರಿಯ, ಆ ಮಾತಿಗೆ ತಲೆಬಾಗುವ ಗುಂಪು, ಎರಡೂ ಕೋವಿಯ ಜೊತೆಗೇ ಗೋಡೆ ಸೇರಿದವು. ಕೋವಿ ಅಲ್ಲೇ ಇರಲಿ, ಇದನ್ನು ಇಳಿಸಿಕೊಳ್ಳಿ.

ಹಬ್ಬಕ್ಕೆ ಖಂಡಿತ ಬನ್ನಿ. ಸೆಪ್ಟೆಂಬರ್ 3ಕ್ಕೆ ಕೋವಿ ಇಳಿಸಿ, ಎಣ್ಣೆ ಹಚ್ಚಿ, ಪೂಜೆಗೆ ಇಡುವುದು ಈ ಸಲ ನಿಮ್ಮ ಕೆಲಸ. ಮಧ್ಯಾಹ್ನ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಊರಿನಲ್ಲಿರುತ್ತದೆ. ಕೈ ತೀಟೆಯನ್ನು ಅಲ್ಲಿ ತೀರಿಸಿಕೊಳ್ಳಿ, ಕಳೆದ ಸಲ ನಿಮ್ಮಲ್ಲಿ ಒಬ್ಬರಿಗೂ ಕಾಯಿ ಮುಟ್ಟಿಸಲಾಗಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿದೆ. ಮಲೆ ಹತ್ತಲೇಬೇಕೆಂದರೆ ಮಳೆ ಪೂರ್ತಿ ಹೋದ ಮೇಲೆ ಡಿಸೆಂಬರ್‌ನಲ್ಲಿ ಬನ್ನಿ. ಇರ್ಪುವಿನಿಂದ ನರಿಮಲೆಯ ಮೇಲೆ ಬ್ರಹ್ಮಗಿರಿಗೆ ಹೋಗುವ ದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಮೊದಲೇ ಪಡೆದುಕೊಳ್ಳಿ. ಮಂಡಿ ನೋವು ಬಿಟ್ಟರೆ ಇರ್ಪು ಜಲಪಾತದ ತನಕ ನಾನೂ ಬರುತ್ತೇನೆ. ಮತ್ತೆ, ಅದು ಕಾಫಿ ಕುಯ್ಲಿನ ಹೊತ್ತು, ತೋಟಕ್ಕೆ ಆಳು ಸಿಗುತ್ತಿಲ್ಲ. ಎರಡು ದಿನ ಮುಂಚೆಯೇ ಬಂದರೆ ಒಳ್ಳೆಯದು.